ಊರಿಂದ ಗೆಳೆಯರು ಬಂದಾಗ: ಲಂಡನ್ ಆದಮೇಲೆ ಯಾವ ಊರು?

ಇಂಗ್ಲೆಂಡಿನಲ್ಲಿ ಓದುತ್ತಿರುವ ನಮ್ಮ ಹತ್ತಿರ ಊರಿಂದ ಗೆಳೆಯರು ಬಂದರೆ ಲಂಡನ್ ತೋರಿಸಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಇಲ್ಲ. ಬೆಂಗಳೂರಿನಿಂದ ಅಷ್ಟು ದುಡ್ಡು ಸುರಿದು ಬಂದವರು ಬಿಗ್ ಬೆನ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದೆ ವಾಪಸ್ ಹೋಗುವುದಿಲ್ಲ. ತಲೆನೋವು ಶುರುವಾಗುವುದು ಅದಾದಮೇಲೆ. ಯಾರ್ಕ್ ಚೆನ್ನಾಗಿದೆಯಂತೆ, ಬಾತ್ ನೋಡಲೇಬೇಕಂತೆ, ಆಕ್ಸ್‌ಫರ್ಡಿಗೆ ಹೋಗದಿದ್ದರೆ ಹೇಗೆ, ಮ್ಯಾಂಚೆಸ್ಟರ್‌ನಲ್ಲಿ ಸ್ಟೇಡಿಯಂ ನೋಡೋಣ ಮಗಾ! ಬಂದವರ ಕೈಯಲ್ಲಿ ಇರುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ನಿಮ್ಮ ಕೈಯಲ್ಲಿ ಇರುವುದು ಪಾರ್ಟ್‌ಟೈಮ್ ಕೆಲಸದ ನಾಲ್ಕು ಕಾಸು, ಜೊತೆಗೆ ಮುಂದಿನ ವಾರ ಕೊಡಬೇಕಾದ ಅಸೈನ್‌ಮೆಂಟು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗೆಳೆಯರು ಇಂಗ್ಲೆಂಡ್ ನೋಡಲು ಬಂದೆವು ಅಂದರೂ ಅರ್ಧ ಬರುವುದು ನಿಮ್ಮ ಜೊತೆ ಹರಟೆ ಹೊಡೆಯಲು. ಹಾಗಾಗಿ ಊರು ಆರಿಸುವಾಗ ನಾನು ನೋಡುವುದು ಇಷ್ಟು. ಟಿಕೆಟ್ ತೆಗೆದುಕೊಳ್ಳದೆ ಎಷ್ಟು ಹೊತ್ತು ಸುಮ್ನೆ ಓಡಾಡಿಕೊಂಡು ಇರಬಹುದು? ಮಳೆ ಬಂದರೆ ಎಲ್ಲಿ ನುಗ್ಗಬಹುದು? ಸಂಜೆ ಐದೂವರೆಗೆ ಅಂಗಡಿಗಳೆಲ್ಲ ಶಟರ್ ಎಳೆದಮೇಲೆ ಊರಿನಲ್ಲಿ ಏನು ಉಳಿಯುತ್ತದೆ? ಈ ಲೆಕ್ಕದಲ್ಲಿ ನನ್ನ ಪಟ್ಟಿಯಲ್ಲಿ ಯಾರ್ಕ್ ಮೊದಲು, ಲಿವರ್‌ಪೂಲ್ ಎರಡನೆಯದು. ಆಕ್ಸ್‌ಫರ್ಡ್ ಒಂದು ಹಗಲಿಗೆ ಸಾಕು. ಬಾತ್ ಬೇಕೇಬೇಕು ಅಂದರೆ ಬ್ರಿಸ್ಟಲ್ ಜೊತೆ ಸೇರಿಸಿಕೊಂಡು. ಮ್ಯಾಂಚೆಸ್ಟರ್ ಬಂದವರ ಹುಚ್ಚು ಯಾವುದು ಅನ್ನುವುದರ ಮೇಲೆ.

ನಾನಿರುವುದು ಬರ್ಮಿಂಗ್‌ಹ್ಯಾಂನಲ್ಲಿ. ದೇಶದ ನಡುಮಧ್ಯ. ಇಲ್ಲಿಂದ ರೈಲಿನಲ್ಲಿ ಆಕ್ಸ್‌ಫರ್ಡಿಗೆ ಒಂದು ಗಂಟೆ ಹತ್ತು ನಿಮಿಷ, ಬ್ರಿಸ್ಟಲ್‌ಗೆ ಒಂದೂವರೆ ಗಂಟೆ, ಲಿವರ್‌ಪೂಲ್‌ಗೆ ಒಂದೂಮುಕ್ಕಾಲು, ಯಾರ್ಕಿಗೆ ಎರಡೂಕಾಲು ಗಂಟೆ ಆಸುಪಾಸು. ನೀವು ಬೇರೆ ಊರಿನಲ್ಲಿದ್ದರೆ ಈ ಲೆಕ್ಕ ಬದಲಾಗುತ್ತದೆ, ಕ್ರಮವೂ ಸ್ವಲ್ಪ ಬದಲಾಗಬಹುದು.

ಮೊದಲು ರೈಲಿನ ಲೆಕ್ಕ

ಊರಿನ ಆಯ್ಕೆಯನ್ನು ಅರ್ಧ ತೀರ್ಮಾನಿಸುವುದೇ ಟಿಕೆಟ್ ದರ. ಇಲ್ಲಿನ ರೈಲು ಟಿಕೆಟ್ ನೋಡಿ ಬಂದವರು ಬಾಯಿ ಬಿಡುತ್ತಾರೆ. ಅದನ್ನು ರೂಪಾಯಿಗೆ ಬದಲಾಯಿಸಿ ನೋಡುವ ಚಟ ಮೊದಲೆರಡು ದಿನ ಎಲ್ಲರಿಗೂ ಇರುತ್ತದೆ, ಬಿಡಿಸಲು ಹೋಗಬೇಡಿ.

ನಿಮ್ಮ ಹತ್ತಿರ 16–25 ರೈಲ್‌ಕಾರ್ಡ್ ಇದ್ದೇ ಇರುತ್ತದೆ. ಆ ವಯಸ್ಸಿನವರಿಗೆ ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ಕಡಿತ. ಬಹಳ ಜನ ಗಮನಿಸದ ಸಂಗತಿ ಅಂದರೆ, ಇದನ್ನು ಕೊಳ್ಳಲು ಇಲ್ಲಿನ ವಿದ್ಯಾರ್ಥಿಯೇ ಆಗಿರಬೇಕಿಲ್ಲ, ಇಲ್ಲಿ ವಾಸವೂ ಇರಬೇಕಿಲ್ಲ. ಪ್ರವಾಸಕ್ಕೆ ಬಂದವರೂ ವಯಸ್ಸು ಸರಿ ಇದ್ದರೆ ಕೊಳ್ಳಬಹುದು. 26 ದಾಟಿದವರಿಗೆ 26–30 ಅಂತ ಇನ್ನೊಂದಿದೆ, ಅದು ಫೋನಿನಲ್ಲಿ ಮಾತ್ರ ಸಿಗುತ್ತದೆ. 2025ರಿಂದ ಇವುಗಳ ಬೆಲೆ ವರ್ಷಕ್ಕೆ 35 ಪೌಂಡ್. ಅಂದರೆ ಒಬ್ಬರು 105 ಪೌಂಡ್ ಬೆಲೆಯ ಟಿಕೆಟ್ ಕೊಂಡರೆ ಕಾರ್ಡಿನ ಹಣ ಹುಟ್ಟಿತು. ಎರಡು ದೂರದ ಊರು ನೋಡುವವರಿಗೆ ಪರವಾಗಿಲ್ಲ, ಒಂದೇ ಊರಿಗಾದರೆ ನಷ್ಟ.

ಇಬ್ಬರೇ ಬಂದಿದ್ದರೆ ಅವರಿಬ್ಬರ ಹೆಸರಲ್ಲಿ ಒಂದೇ ಟೂ ಟುಗೆದರ್ ಕಾರ್ಡ್ ಸಾಕು. ಆದರೆ ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಮೊದಲು ಅದು ನಡೆಯುವುದಿಲ್ಲ. ಇಬ್ಬರೂ ಜೊತೆಯಲ್ಲೇ ಪ್ರಯಾಣ ಮಾಡಬೇಕು. ನಿಮ್ಮನ್ನೂ ಸೇರಿಸಿ ಮೂರು ಜನ ಅಥವಾ ಅದಕ್ಕಿಂತ ಜಾಸ್ತಿ ಆದರೆ ಗ್ರೂಪ್‌ಸೇವ್ ನೋಡಿ. ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೋದರೆ ಯಾವ ಕಾರ್ಡೂ ಇಲ್ಲದೆ ಆಫ್-ಪೀಕ್ (ಜನಜಂಗುಳಿಯ ಹೊತ್ತು ಬಿಟ್ಟು ಓಡಾಡುವ) ಟಿಕೆಟ್ ಮೇಲೆ ಅದೇ ಮೂರನೇ ಒಂದು ಭಾಗ ಕಡಿತ ಸಿಗುತ್ತದೆ. ಎಲ್ಲ ರೈಲು ಕಂಪನಿಗಳೂ ಇದನ್ನು ಕೊಡುವುದಿಲ್ಲ. ರೈಲ್‌ಕಾರ್ಡ್ ಕಡಿತ ಮತ್ತು ಇದು ಎರಡನ್ನೂ ಒಂದೇ ಟಿಕೆಟ್ ಮೇಲೆ ಸೇರಿಸಲೂ ಆಗುವುದಿಲ್ಲ.

ಅಡ್ವಾನ್ಸ್ ಟಿಕೆಟ್ ಎಲ್ಲಕ್ಕಿಂತ ಅಗ್ಗ, ಆದರೆ ಅದೇ ರೈಲಿಗೇ ಹೋಗಬೇಕು. ಗೆಳೆಯರ ಗುಂಪಿನಲ್ಲಿ ಒಬ್ಬ ಇರುತ್ತಾನಲ್ಲ, ಬೆಳಗ್ಗೆ "ಐದು ನಿಮಿಷ, ಬಂದೆ" ಅಂತ ಬಾತ್‌ರೂಮಿಗೆ ಹೋದವನು. ಅವನಿದ್ದರೆ ಹೋಗುವಾಗ ಮಧ್ಯಾಹ್ನದ ಮೊದಲಿನ ಯಾವುದೋ ಹತ್ತುಗಂಟೆ ರೈಲಿಗೆ ಅಡ್ವಾನ್ಸ್ ಮಾಡಿ, ಏಳೂವರೆಯದಕ್ಕೆ ಬೇಡ. ಕೋಚ್, ಅಂದರೆ ದೂರದ ಊರುಗಳ ಬಸ್ಸು, ಇನ್ನೂ ಅಗ್ಗ. ಲಂಡನ್ ಮಟ್ಟಿಗೆ ನ್ಯಾಷನಲ್ ಎಕ್ಸ್‌ಪ್ರೆಸ್, ಫ್ಲಿಕ್ಸ್‌ಬಸ್ ಎರಡೂ ಸರಿ. ಯಾರ್ಕಿನಷ್ಟು ದೂರಕ್ಕೆ ಕೋಚ್ ಹತ್ತಿದರೆ ಒಂದು ಹಗಲು ಮೋಟರ್‌ವೇ ನೋಡುವುದರಲ್ಲೇ ಕಳೆಯುತ್ತದೆ.

ಲಂಡನ್, ಕಡಿಮೆ ಮಾತಿನಲ್ಲಿ

ಲಂಡನ್ ಬಗ್ಗೆ ಬರೆದವರು ಸಾವಿರ ಜನ ಇದ್ದಾರೆ. ನಾನು ಹೇಳುವುದು ನಮ್ಮವರಿಗೆ ಅಂತಲೇ ಇರುವ ಒಂದು ನಡಿಗೆ. ಬಿಗ್ ಬೆನ್ ಫೋಟೊ ಮುಗಿದಮೇಲೆ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿ. ಬಲಗಡೆ ಥೇಮ್ಸ್, ಅದರಾಚೆ ಇಡೀ ಪಾರ್ಲಿಮೆಂಟ್ ಕಟ್ಟಡ. ಎಡಗಡೆ ಉದ್ದದ ಗೋಡೆಯ ತುಂಬ ಕೈಯಲ್ಲಿ ಬರೆದ ಕೆಂಪು ಹೃದಯಗಳು, ಕೋವಿಡ್‌ನಲ್ಲಿ ತೀರಿಹೋದವರ ಹೆಸರಿನಲ್ಲಿ. ಹಾಗೇ ನದಿ ಬದಿಯಲ್ಲಿ ನಡೆದರೆ ಲ್ಯಾಂಬೆತ್ ಸೇತುವೆಯ ಹತ್ತಿರ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ, ನಮ್ಮ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಖರ್ಚಿಲ್ಲ, ಕ್ಯೂ ಇಲ್ಲ, ಕೂರಲು ಬೆಂಚು ಇದೆ.

ಕ್ರಿಕೆಟ್ ಹುಚ್ಚರಾದರೆ ಅಲ್ಲಿಂದ ವಾಕ್ಸ್‌ಹಾಲ್ ಮೇಲೆ ಹಾಯ್ದು ಓವಲ್ ಮೈದಾನದವರೆಗೂ ನಡೆದೇ ಹೋಗಬಹುದು. 1971ರಲ್ಲಿ ಚಂದ್ರಶೇಖರ್ 38 ರನ್‌ಗೆ ಆರು ವಿಕೆಟ್ ಕಿತ್ತು, ಭಾರತ ಇಂಗ್ಲೆಂಡ್ ನೆಲದಲ್ಲಿ ಮೊದಲ ಟೆಸ್ಟ್ ಗೆದ್ದದ್ದು ಅಲ್ಲೇ. 2007ರಲ್ಲಿ ಕುಂಬ್ಳೆ ತಮ್ಮ ಏಕೈಕ ಟೆಸ್ಟ್ ಶತಕ ಹೊಡೆದದ್ದೂ ಅಲ್ಲೇ. ದುಡ್ಡು ಕೊಟ್ಟು ಮೈದಾನದ ಒಳಗೆ ಸುತ್ತು ಹಾಕುವುದಾದರೆ ಮಾತ್ರ ಲಾರ್ಡ್ಸ್ ಮೇಲು. ದ್ರಾವಿಡ್ 1996ರಲ್ಲಿ ಮೊದಲ ಟೆಸ್ಟ್ ಆಡಿ 95ಕ್ಕೆ ಔಟಾದ ಮೈದಾನ ಅದು. ಶತಕ ಬಂದದ್ದು ಹದಿನೈದು ವರ್ಷ ಆದಮೇಲೆ, 2011ರಲ್ಲಿ.

ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸಂಗ್ರಹದಲ್ಲಿ ಟಿಪ್ಪುವಿನ ಹುಲಿ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತು ತಂದದ್ದು. ಬಿಳಿಯನ ಮೇಲೆ ಎರಗಿದ ಮರದ ಹುಲಿ, ಹೊಟ್ಟೆಯಲ್ಲಿ ಆರ್ಗನ್, ಪಕ್ಕದಲ್ಲಿ ತಿರುಗಿಸುವ ಹಿಡಿ. ಮೈಸೂರು ಕಡೆಯವರು ಬಂದಿದ್ದರೆ ಇದೊಂದಕ್ಕೇ ಒಂದು ಮಧ್ಯಾಹ್ನ ಇಡಿ. ಪ್ರವೇಶ ಉಚಿತ. ಆ ಹೊತ್ತಿಗೆ ಅದನ್ನು ಎಲ್ಲಿ ಇಟ್ಟಿದ್ದಾರೆ ಅಂತ ಮ್ಯೂಸಿಯಂನ ಜಾಲತಾಣದಲ್ಲಿ ನೋಡಿಕೊಂಡು ಹೊರಡಿ.

ಬಸ್ಸು, ಟ್ಯೂಬ್ (ಲಂಡನ್ ಮೆಟ್ರೊ) ಎರಡಕ್ಕೂ ಒಬ್ಬೊಬ್ಬರಿಗೆ ಒಂದೊಂದು ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ಅಥವಾ ಆಯ್ಸ್ಟರ್ ಕಾರ್ಡ್ ಬೇಕು. ಒಂದೇ ಕಾರ್ಡ್ ನಾಲ್ಕು ಸಲ ತೋರಿಸಿ ನಾಲ್ಕು ಜನ ಹತ್ತಲು ಆಗಲ್ಲ. ಬಸ್ಸಿಗೆ 1.75 ಪೌಂಡ್, ಒಂದು ಗಂಟೆಯೊಳಗೆ ಇನ್ನೊಂದು ಬಸ್ ಹತ್ತಿದರೆ ಅದಕ್ಕೆ ದುಡ್ಡಿಲ್ಲ. ಮೇಲಿನ ಅಂತಸ್ತಿನ ಮುಂದಿನ ಸೀಟು ಸಿಕ್ಕರೆ ಬೇರೆ ಟೂರ್ ಬಸ್ಸೇ ಬೇಡ.

ಯಾರ್ಕೋ, ಬಾತೋ?

ಹಳೇ ಇಂಗ್ಲೆಂಡ್ ನೋಡಬೇಕು ಅನ್ನುವವರಿಗೆ ಈ ಎರಡು ಊರುಗಳ ನಡುವೆ ಜಗಳ. ಎರಡೂ ಚೆಂದ. ಆದರೆ ಗೆಳೆಯರ ಗುಂಪಿಗೆ ಯಾರ್ಕ್ ಅಂತ ನಾನು ಯೋಚನೆ ಮಾಡದೆ ಹೇಳುತ್ತೇನೆ.

ಯಾರ್ಕ್ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಕೋಟೆ ಗೋಡೆ. ಮೇಲೆ ಹತ್ತಲು ಟಿಕೆಟ್ ಇಲ್ಲ. ಸುತ್ತು ಸುಮಾರು 3.4 ಕಿಲೋಮೀಟರ್. ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ಹೋದರೆ ಗೋಡೆಯ ಕೆಳಗಿನ ಹುಲ್ಲಿನ ಇಳಿಜಾರು ಪೂರ್ತಿ ಹಳದಿ ಡ್ಯಾಫಡಿಲ್. ಇಡೀ ಸುತ್ತು ಹಾಕುವಷ್ಟು ಕಾಲಲ್ಲಿ ಶಕ್ತಿ ಇಲ್ಲ ಅಂದರೆ ಬೂದಮ್ ಬಾರ್‌ನಿಂದ ಮಂಕ್ ಬಾರ್‌ವರೆಗಿನ ತುಂಡು ಸಾಕು (ಇಲ್ಲಿ ಬಾರ್ ಅಂದರೆ ಕೋಟೆ ಬಾಗಿಲು). ಮಿನ್‌ಸ್ಟರ್ ಚರ್ಚಿನ ಬೆನ್ನು, ಅದರ ಹಿಂದಿನ ದೊಡ್ಡ ಮರಗಳ ತೋಟ, ಮನೆಗಳ ಹಿತ್ತಿಲು ಎಲ್ಲ ಮೇಲಿಂದ ಕಾಣುತ್ತವೆ. ದಾರಿ ಕಿರಿದು. ಕೆಲವು ಕಡೆ ಒಳಬದಿಗೆ ಕಂಬಿಯೂ ಇಲ್ಲ. ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಆತು ನಿಂತು ದಾರಿ ಬಿಡಬೇಕು. ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ನಡೆಯುವಾಗ ಮುಂದಿನವನು ಹೇಳಿದ ಜೋಕು ಕೊನೆಯವನಿಗೆ ತಲುಪುವಷ್ಟರಲ್ಲಿ ಬೇರೇನೋ ಆಗಿರುತ್ತದೆ. ಕತ್ತಲಾಗುವ ಹೊತ್ತಿಗೆ ಗೋಡೆ ಮುಚ್ಚುತ್ತಾರೆ, ಚಳಿಗಾಲದಲ್ಲಿ ಅದನ್ನು ಮೊದಲು ಮುಗಿಸಿ.

ಮಳೆ ಬಂತಾ? ಸ್ಟೇಷನ್ನಿನ ಹಿಂದೆಯೇ ನ್ಯಾಷನಲ್ ರೈಲ್ವೆ ಮ್ಯೂಸಿಯಂ, ಉಚಿತ. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿಬಂಡಿಗಳ ದಾಖಲೆ ಬರೆದ ನೀಲಿ ಮ್ಯಾಲರ್ಡ್ ಅಲ್ಲೇ ನಿಂತಿದೆ. ಜಪಾನಿನ ಶಿಂಕನ್‌ಸೆನ್ ಡಬ್ಬಿಯೂ ಇದೆ. ಎಂಜಿನಿಯರಿಂಗ್ ಓದಿದ ಗೆಳೆಯರನ್ನು ಇಲ್ಲಿಂದ ಎಬ್ಬಿಸಿಕೊಂಡು ಬರುವುದೇ ಕಷ್ಟ.

ಶಾಂಬಲ್ಸ್ ಬೀದಿ ಎಲ್ಲರಿಗೂ ಗೊತ್ತು. ಎರಡೂ ಬದಿಯ ಮರದ ಮನೆಗಳು ಮೇಲೆ ಮೇಲೆ ಹೋದಂತೆ ಒಂದರ ಕಡೆಗೊಂದು ಬಾಗುತ್ತವೆ. ಒಂದು ಕಾಲಕ್ಕೆ ಮಾಂಸದಂಗಡಿಗಳ ಬೀದಿ. ಅಂಗಡಿ ಮುಂದೆ ತಲೆ ಎತ್ತಿ ನೋಡಿದರೆ ಮಾಂಸ ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆಗಳು ಈಗಲೂ ಇವೆ. ಈಗ ಅಲ್ಲಿ ಹ್ಯಾರಿ ಪಾಟರ್ ಮಂತ್ರದಂಡ ಮಾರುವ ಅಂಗಡಿಗಳದ್ದೇ ಕಾರುಬಾರು, ಶನಿವಾರ ಕಾಲಿಡಲು ಜಾಗ ಇರಲ್ಲ. ಬೆಳಗ್ಗೆ ಒಂಬತ್ತಕ್ಕೆ ಮೊದಲು ಹೋಗಿ. ಮಿನ್‌ಸ್ಟರ್ ಒಳಗೆ ಹೋಗಲು ಟಿಕೆಟ್ ಬೇಕು. ಆದರೆ ಸಂಜೆಯ ಈವನ್‌ಸಾಂಗ್ ಪ್ರಾರ್ಥನೆಗೆ ಯಾರು ಬೇಕಾದರೂ ಉಚಿತವಾಗಿ ಹೋಗಿ ಕೂರಬಹುದು. ಧರ್ಮ ಯಾವುದಾದರೂ ಆಗಲಿ, ಆ ಎತ್ತರದ ಕಲ್ಲು ಕಟ್ಟಡದಲ್ಲಿ ಹುಡುಗರ, ದೊಡ್ಡವರ ದನಿ ಮೇಲೇರುವುದನ್ನು ಕೇಳುವುದೇ ಬೇರೆ. ಎದ್ದು ಓಡಾಡಿ ಫೋಟೊ ತೆಗೆಯುವ ಹಾಗಿಲ್ಲ ಅಷ್ಟೇ.

ಬಾತ್‌ನ ಕತೆ ಬೇರೆ. ಅಲ್ಲಿ ಊರಿನ ಮುಖ್ಯ ಆಕರ್ಷಣೆಯೇ ಟಿಕೆಟ್ಟಿನ ಹಿಂದೆ ಇದೆ. ರೋಮನ್ ಬಾತ್ಸ್ ಪ್ರವೇಶ ಇಪ್ಪತ್ತು ಪೌಂಡ್ ದಾಟುತ್ತದೆ, ವಾರಾಂತ್ಯಕ್ಕೆ ಜಾಸ್ತಿ. ನಾಲ್ಕು ಜನಕ್ಕೆ ಲೆಕ್ಕ ಹಾಕಿ. ಅಷ್ಟು ಕೊಟ್ಟು ಒಳಗೆ ಹೋದರೆ ನೋಡಲು ಚೆನ್ನಾಗಿಯೇ ಇದೆ. ನೆಲದೊಳಗಿಂದ 46 ಡಿಗ್ರಿ ಬಿಸಿ ನೀರು ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಹೆಚ್ಚು ಉಕ್ಕುತ್ತಲೇ ಇರುತ್ತದೆ. ದೊಡ್ಡ ಕೊಳದ ನೀರು ಬಿಸಿಲು ಬಿದ್ದು ಪಾಚಿ ಬೆಳೆದು ದಟ್ಟ ಹಸಿರು, ಮೇಲೆ ಹಬೆ. ಇಳಿಯುವ ಹಾಗಿಲ್ಲ, ಕೈ ಅದ್ದುವ ಹಾಗೂ ಇಲ್ಲ. ಕೊನೆಯಲ್ಲಿ ಒಂದು ನಲ್ಲಿಯಿಂದ ಆ ಬುಗ್ಗೆಯ ನೀರನ್ನು ಶುದ್ಧಮಾಡಿ ಕುಡಿಯಲು ಕೊಡುತ್ತಾರೆ. ಬೆಚ್ಚಗೆ, ತುಕ್ಕು ಹಿಡಿದ ಕೊಳವೆಯ ರುಚಿ. ಗುಂಪಿನಲ್ಲಿ ಒಬ್ಬರಾದರೂ ಮುಖ ಕಿವುಚುವುದನ್ನು ವಿಡಿಯೊ ಮಾಡಿಕೊಳ್ಳಿ.

ಉಳಿದಂತೆ ಬಾತ್‌ನಲ್ಲಿ ಜೇನು ಬಣ್ಣದ ಕಲ್ಲಿನ ಬೀದಿಗಳು, ಅರ್ಧಚಂದ್ರದ ಹಾಗೆ ಬಾಗಿದ ರಾಯಲ್ ಕ್ರೆಸೆಂಟ್‌ನ 30 ಮನೆಗಳು, ಮೇಲೆ ಅಂಗಡಿ ಸಾಲು ಇರುವ ಪಲ್ಟ್ನಿ ಸೇತುವೆ. ಮಧ್ಯಾಹ್ನ ಮೂರಕ್ಕೆಲ್ಲ ನೋಡಿ ಮುಗಿಯುತ್ತದೆ. ಹೋಟೆಲ್ ದುಬಾರಿ, ಊಟ ದುಬಾರಿ. ಗಂಡ-ಹೆಂಡತಿ ಬಂದಿದ್ದರೆ, ಅಥವಾ ನಿಮ್ಮ ಅಪ್ಪ-ಅಮ್ಮ ಬಂದಿದ್ದರೆ, ನಾನೇ ಬಾತ್‌ಗೆ ಹೋಗಿ ಅನ್ನುತ್ತೇನೆ. ಹುಡುಗರ ಗುಂಪಿಗೆ ಅಲ್ಲ.

ಹಾಗೂ ಬಾತ್ ಬೇಕು ಅಂದರೆ ಉಳಿಯುವುದು ಬ್ರಿಸ್ಟಲ್‌ನಲ್ಲಿ. ರೈಲಿನಲ್ಲಿ ಕಾಲು ಗಂಟೆಯೂ ಇಲ್ಲ. ಬ್ರಿಸ್ಟಲ್‌ನಲ್ಲಿ ರಾತ್ರಿ ಊರು ಎಚ್ಚರ ಇರುತ್ತದೆ, ಬಂದರಿನ ಸುತ್ತ ಕೂರಲು ಜಾಗ ಇದೆ, ಕ್ಲಿಫ್ಟನ್ ತೂಗುಸೇತುವೆ ಮೇಲೆ ನಡೆಯಲು ದುಡ್ಡಿಲ್ಲ. ರಾಜಾ ರಾಮಮೋಹನ ರಾಯ್ 1833ರಲ್ಲಿ ತೀರಿಕೊಂಡದ್ದು ಈ ಊರಿನಲ್ಲೇ. ಆರ್ನೋಸ್ ವೇಲ್ ಸ್ಮಶಾನದಲ್ಲಿ ಅವರ ಸಮಾಧಿಯ ಮೇಲೆ ನಮ್ಮ ಕಡೆಯ ಛತ್ರಿ ಮಂಟಪ ಕಟ್ಟಿದ್ದಾರೆ.

ಲಿವರ್‌ಪೂಲೋ, ಮ್ಯಾಂಚೆಸ್ಟರೋ?

ಇವೆರಡರ ನಡುವೆ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಹಾಗಾಗಿ ಎರಡನ್ನೂ ಒಂದೇ ದಿನ ಮಾಡಿಬಿಡೋಣ ಅಂತ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ಬೇಡ. ಒಂದನ್ನು ಆರಿಸಿ.

ಫುಟ್‌ಬಾಲ್ ಹುಚ್ಚು ಇದ್ದರೆ ಪ್ರಶ್ನೆಯೇ ಇಲ್ಲ, ಅವರ ತಂಡ ಯಾವ ಊರಿನದೋ ಆ ಊರು. ಕ್ರಿಕೆಟ್ ಆದರೆ ಮ್ಯಾಂಚೆಸ್ಟರ್. ಓಲ್ಡ್ ಟ್ರಾಫರ್ಡ್ ಅನ್ನುವ ಹೆಸರಿನ ಮೈದಾನಗಳು ಅಲ್ಲಿ ಎರಡು, ಒಂದು ಫುಟ್‌ಬಾಲಿನದು, ಇನ್ನೊಂದು ಕ್ರಿಕೆಟ್ಟಿನದು. ಆ ಹೆಸರಿನ ಟ್ರಾಮ್ ನಿಲ್ದಾಣ ಇರುವುದು ಕ್ರಿಕೆಟ್ ಮೈದಾನದ ಪಕ್ಕದಲ್ಲಿ. 1990ರ ಆಗಸ್ಟ್‌ನಲ್ಲಿ ಕುಂಬ್ಳೆ ಮೊದಲ ಟೆಸ್ಟ್ ಆಡಿದ್ದು, ತೆಂಡೂಲ್ಕರ್ ಮೊದಲ ಶತಕ ಹೊಡೆದದ್ದು, ಎರಡೂ ಅಲ್ಲಿ, ಒಂದೇ ಪಂದ್ಯದಲ್ಲಿ. ಇದು ಬಿಟ್ಟರೆ ಮ್ಯಾಂಚೆಸ್ಟರ್‌ನಲ್ಲಿ ಜಾನ್ ರೈಲಂಡ್ಸ್ ಗ್ರಂಥಾಲಯ ಒಳ್ಳೆಯದು, ಉಚಿತ. ರಶೋಮ್‌ನ ಕರಿ ಮೈಲ್ ರಾತ್ರಿ ಊಟಕ್ಕೆ ಸರಿ. ಆದರೆ ಹೊಸಬರಿಗೆ ಅದು ಒಂದು ದೊಡ್ಡ ಊರು, ಅಷ್ಟೇ. ಬಾಳಲು ಚೆನ್ನ, ನೋಡಲು ಸುಮಾರು.

ಲಿವರ್‌ಪೂಲ್‌ನಲ್ಲಿ ನೀರಿದೆ. ಲೈಮ್ ಸ್ಟ್ರೀಟ್ ಸ್ಟೇಷನ್ನಿನಿಂದ ಇಪ್ಪತ್ತು ನಿಮಿಷ ನಡೆದರೆ ಆಲ್ಬರ್ಟ್ ಡಾಕ್, ಮರ್ಸಿ ನದಿ, ದೋಣಿ. ಈ ಊರಿನ ಬೀಟಲ್ಸ್ ತಂಡದ ಹಾಡು ಒಂದೂ ಗೊತ್ತಿಲ್ಲದವರಿಗೂ ಸಂಜೆ ಮ್ಯಾಥ್ಯೂ ಬೀದಿಯಲ್ಲಿ ಕಾಲು ಕುಣಿಯುತ್ತದೆ. ಹೋಪ್ ಸ್ಟ್ರೀಟಿನ ಎರಡು ತುದಿಗೆ ಎರಡು ಕೆಥೀಡ್ರಲ್. ಒಂದು ಕೆಂಪು ಕಲ್ಲಿನ ಬೆಟ್ಟ, ಇನ್ನೊಂದು 1967ರ ದುಂಡು ಕಾಂಕ್ರೀಟ್ ಕಟ್ಟಡ. ಎರಡಕ್ಕೂ ಟಿಕೆಟ್ ಇಲ್ಲ. ಕೆಂಪು ಕಲ್ಲಿನದನ್ನು ರೂಪಿಸಿದ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರೇ, ನಿಮ್ಮ ಗೆಳೆಯರು ಲಂಡನ್ನಿನಲ್ಲಿ ಒರಗಿ ನಿಂತು ಫೋಟೊ ತೆಗೆಸಿಕೊಂಡ ಕೆಂಪು ಟೆಲಿಫೋನ್ ಡಬ್ಬಿಯನ್ನೂ ರೂಪಿಸಿದವರು.

ನನಗೆ ಲಿವರ್‌ಪೂಲ್ ಇಷ್ಟ ಆಗುವುದು ಕ್ರಾಸ್ಬಿ ಕಡಲ ತೀರದ ಕಾರಣಕ್ಕೆ. ಊರಿನಿಂದ ಮರ್ಸಿರೈಲ್ ಹತ್ತಿ ಬ್ಲಂಡೆಲ್‌ಸ್ಯಾಂಡ್ಸ್ ಅಂಡ್ ಕ್ರಾಸ್ಬಿ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ನಡೆದರೆ ಮರಳು. ಆ ಮರಳಿನಲ್ಲಿ ಕಬ್ಬಿಣದ ನೂರು ಮನುಷ್ಯರು, ಶಿಲ್ಪಿ ಆಂಟನಿ ಗೋರ್ಮ್ಲಿ ಎರಕ ಹೊಯ್ಸಿ ನಿಲ್ಲಿಸಿದ್ದು. ಎಲ್ಲರ ಮುಖವೂ ಕಡಲಿನ ಕಡೆ. ಉಬ್ಬರ ಬಂದಾಗ ಕೆಲವರು ಎದೆವರೆಗೆ ಮುಳುಗುತ್ತಾರೆ, ಕೆಲವರು ಕಾಣುವುದೇ ಇಲ್ಲ. ಹತ್ತಿರ ಹೋದರೆ ಕಾಲಿನ ತುಂಬ ಚಿಪ್ಪು ಅಂಟಿ ಒರಟಾಗಿರುವುದು ಗೊತ್ತಾಗುತ್ತದೆ. ಯಾರೋ ಒಬ್ಬನಿಗೆ ಸ್ಕಾರ್ಫ್ ಸುತ್ತಿ ಹೋಗಿರುತ್ತಾರೆ. ದೂರದ ಪ್ರತಿಮೆ ಮುಟ್ಟುತ್ತೇನೆ ಅಂತ ನೀರಿನ ಕಡೆ ಹೋಗುವುದು ಬೇಡ, ಅಲ್ಲಿ ಕೆಸರು ಕಾಲು ಹಿಡಿಯುತ್ತದೆ. ಉಬ್ಬರ-ಇಳಿತದ ಹೊತ್ತು ನೋಡಿಕೊಂಡು ಹೋಗಿ. ಗಾಳಿ ಮಾತ್ರ ಮೂಳೆ ಕೊರೆಯುತ್ತದೆ, ಜೂನ್ ತಿಂಗಳಾದರೂ ಜಾಕೆಟ್ ಇರಲಿ.

ಆಕ್ಸ್‌ಫರ್ಡೋ, ಕೇಂಬ್ರಿಡ್ಜೋ?

ಎರಡೂ ನೋಡುವ ಅಗತ್ಯ ಇಲ್ಲ. ಬರ್ಮಿಂಗ್‌ಹ್ಯಾಂನಿಂದ ಆಕ್ಸ್‌ಫರ್ಡ್ ಹತ್ತಿರ, ಕೇಂಬ್ರಿಡ್ಜ್ ದೂರ. ಲಂಡನ್ನಿನಿಂದ ಎರಡೂ ಒಂದೊಂದು ಗಂಟೆ. ಆಕ್ಸ್‌ಫರ್ಡ್‌ನಲ್ಲಿ ಸ್ಟೇಷನ್ನಿನಿಂದ ಊರಿಗೆ ಹತ್ತು ನಿಮಿಷ ನಡಿಗೆ, ಕೇಂಬ್ರಿಡ್ಜ್‌ನಲ್ಲಿ ಅದರ ಎರಡರಷ್ಟು.

ಮಳೆಯ ದಿನ ಆಕ್ಸ್‌ಫರ್ಡ್. ಆ್ಯಶ್ಮೋಲಿಯನ್, ಪಿಟ್ ರಿವರ್ಸ್, ನ್ಯಾಚುರಲ್ ಹಿಸ್ಟರಿ ಮೂರೂ ಮ್ಯೂಸಿಯಂ ಉಚಿತ. ಬಿಸಿಲಿನ ದಿನ ಕೇಂಬ್ರಿಡ್ಜ್, ಕಾಲೇಜುಗಳ ಹಿಂದಿನ ನದಿಯಲ್ಲಿ ಉದ್ದ ಕೋಲಿನಿಂದ ತಳ್ಳುವ ಪಂಟ್ ದೋಣಿಗಾಗಿ. ನಾಲ್ಕೈದು ಜನ ಸೇರಿ ಬಾಡಿಗೆಗೆ ಒಂದು ದೋಣಿ ತೆಗೆದುಕೊಂಡು ನೀವೇ ಕೋಲು ಹಾಕಿದರೆ ತಲೆಗೆ ಕಡಿಮೆ ಬೀಳುತ್ತದೆ, ನಗು ಜಾಸ್ತಿ. ಪರೀಕ್ಷೆಯ ಕಾಲದಲ್ಲಿ, ಮೇ ತಿಂಗಳ ಸುಮಾರಿಗೆ, ಎಷ್ಟೋ ಕಾಲೇಜುಗಳು ಹೊರಗಿನವರಿಗೆ ಬಾಗಿಲು ಹಾಕುತ್ತವೆ.

ಸಾಹಿತ್ಯ, ನಾಟಕ ಅಂತ ಓಡಾಡಿದ ಗೆಳೆಯರಾದರೆ ವಿದ್ಯಾರ್ಥಿಗಳ ಚರ್ಚಾಸಂಘವಾದ ಆಕ್ಸ್‌ಫರ್ಡ್ ಯೂನಿಯನ್ನಿನ ಕಟ್ಟಡ ತೋರಿಸಿ. ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಅಲ್ಲಿ ಓದುತ್ತಿದ್ದಾಗ, 1960ರ ದಶಕದ ಮೊದಲಲ್ಲಿ, ಅದರ ಅಧ್ಯಕ್ಷರಾಗಿದ್ದರು. ಗಣಿತದವರಾದರೆ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜು, ರಾಮಾನುಜನ್ 1914ರಿಂದ 1919ರವರೆಗೆ ಇದ್ದ ಜಾಗ.

ನಿಮ್ಮ ಸ್ವಂತ ಊರು

ಬಂದ ಮಾರನೇ ದಿನ ದೂರ ಎಲ್ಲಿಗೂ ಬೇಡ. ಮಧ್ಯಾಹ್ನ ಮೂರಕ್ಕೆ ಎಲ್ಲರೂ ತೂಕಡಿಸುತ್ತಾರೆ. ನೀವಿರುವ ಊರು ಎಷ್ಟೇ ಸಪ್ಪೆ ಅನಿಸಿದರೂ ಅವರಿಗೆ ನೋಡಬೇಕಾಗಿರುವುದು ಅದನ್ನೇ. ನೀವು ಅಕ್ಕಿ ತರುವ ಅಂಗಡಿ, ಬಟ್ಟೆ ಒಗೆಯುವ ಜಾಗ, ಲೈಬ್ರರಿಯಲ್ಲಿ ಕೂರುವ ಕುರ್ಚಿ. ನಾನು ಬರ್ಮಿಂಗ್‌ಹ್ಯಾಂನ ಕಾಲುವೆ ಬದಿಯಲ್ಲಿ ಗ್ಯಾಸ್ ಸ್ಟ್ರೀಟ್ ಬೇಸಿನ್‌ವರೆಗೆ ನಡೆಸಿ, ರಾತ್ರಿ ಲೇಡಿಪೂಲ್ ರೋಡಿನಲ್ಲಿ ಬಾಲ್ಟಿ ಕರಿ ತಿನ್ನಿಸುತ್ತೇನೆ. ಮನೆಯಲ್ಲಿ ಅಮ್ಮ ಹೇಳಿಕಳಿಸಿದ್ದರೆ ಟಿವಿಡೇಲ್‌ನ ಬಾಲಾಜಿ ದೇವಸ್ಥಾನ ಇದೆ. ಅನಂತಮೂರ್ತಿಯವರು ಪಿಎಚ್‌ಡಿ ಮಾಡಿದ್ದು ಇಲ್ಲಿನ ವಿಶ್ವವಿದ್ಯಾಲಯದಲ್ಲೇ ಅನ್ನುವುದನ್ನು ಕ್ಯಾಂಪಸ್ಸಿನಲ್ಲಿ ಹೇಳಿದರೆ ಎಲ್ಲರೂ ಒಂದು ಸಲ ಆ ಗಡಿಯಾರದ ಗೋಪುರ ತಿರುಗಿ ನೋಡುತ್ತಾರೆ.

ಮಲಗುವ ವಿಷಯ ಮೊದಲೇ ವಿಚಾರಿಸಿ. ಹಾಸ್ಟೆಲ್ ರೂಮಿನಲ್ಲಿ ಅತಿಥಿ ಎಷ್ಟು ರಾತ್ರಿ ಇರಬಹುದು ಅಂತ ಒಂದೊಂದು ಕಡೆ ಒಂದೊಂದು ನಿಯಮ. ಬೇರೆ ಊರುಗಳಲ್ಲಿ ನಾಲ್ಕು ಜನಕ್ಕೆ ವೈಎಚ್‌ಎ ಅನ್ನುವ ಪ್ರವಾಸಿ ಹಾಸ್ಟೆಲ್ಲಿನ ಖಾಸಗಿ ರೂಮು ಹೋಟೆಲ್ಲಿಗಿಂತ ಸರಿ. ಯಾರ್ಕ್, ಲಿವರ್‌ಪೂಲ್, ಆಕ್ಸ್‌ಫರ್ಡ್ ಮೂರರಲ್ಲೂ ಇದೆ. ಅಡುಗೆಮನೆ ಇರುವುದನ್ನು ನೋಡಿ ಬುಕ್ ಮಾಡಿ. ಊರಿಂದ ತಂದ ಎಂಟಿಆರ್ ಪ್ಯಾಕೆಟ್ಟು, ಅವಲಕ್ಕಿ, ಚಟ್ನಿಪುಡಿ ಅಲ್ಲಿ ಕೆಲಸಕ್ಕೆ ಬರುತ್ತವೆ. ತುಪ್ಪ, ಪೇಡ ತರಬೇಡಿ ಅಂತ ಹೊರಡುವ ಮೊದಲೇ ಹೇಳಿಬಿಡಿ, ಭಾರತದಿಂದ ಹಾಲಿನ ಪದಾರ್ಥ ಒಳಗೆ ತರುವ ಹಾಗಿಲ್ಲ.

ಡಿಸೆಂಬರ್‌ನಲ್ಲಿ ಬರುವವರಿಗೆ ಎರಡು ಮಾತು. ನಾಲ್ಕು ಗಂಟೆಗೆ ಕತ್ತಲು, ಹಾಗಾಗಿ ಯಾರ್ಕಿಗಾದರೂ ಲಿವರ್‌ಪೂಲ್‌ಗಾದರೂ ಹಿಂದಿನ ರಾತ್ರಿಯೇ ಹೋಗಿ ಉಳಿಯಿರಿ. 25ರಂದು ರೈಲು ಓಡುವುದೇ ಇಲ್ಲ, ಬಸ್ಸುಗಳೂ ಹೆಚ್ಚಿನ ಕಡೆ ಇಲ್ಲ. ಅವತ್ತು ಎಲ್ಲಿರುತ್ತೀರೋ ಅಲ್ಲೇ, ಹಿಂದಿನ ದಿನವೇ ಹಾಲು, ಬ್ರೆಡ್ಡು ತಂದಿಟ್ಟುಕೊಳ್ಳಿ. ಇನ್ನು ವಾಪಸ್ ವಿಮಾನ ಭಾನುವಾರ ಇದ್ದರೆ ಹೀಥ್ರೂಗೆ ರೈಲು ನಂಬಿಕೊಳ್ಳಬೇಡಿ. ಹಳಿ ದುರಸ್ತಿ ನಡೆಯುವುದು ಹೆಚ್ಚಾಗಿ ಅವತ್ತೇ. ಬರ್ಮಿಂಗ್‌ಹ್ಯಾಂನ ಡಿಗ್ಬೆತ್ ಕೋಚ್ ನಿಲ್ದಾಣದಿಂದ ನೇರ ಕೋಚ್ ಇದೆ, ಒಂದು ಗಂಟೆ ಮುಂಚಿನದಕ್ಕೆ ಬುಕ್ ಮಾಡಿ.